ಪೆನ್ಸಿಲ್ಲಿನಲ್ಲಿ ಬರೆದ ಮಾತು

ಅವಳು ನನ್ನನ್ನು ಒಮ್ಮೆಯೂ ಅಣ್ಣ ಎಂದು ಕರೆಯಲಿಲ್ಲ. ಅವಳ ಮೇಲೆ ನನಗಿದ್ದ ಮೊದಲ ತಕರಾರು ಅದೇ.

ನಮ್ಮ ಕಡೆ ಹರೆಯದ ಹುಡುಗಿಯರು ಹೊರಗಿನ ಗಂಡಸರನ್ನು ಕರೆಯುವುದೇ ಹಾಗೆ. ಕಂಡಕ್ಟರ್ ಅಣ್ಣ, ಕಿರಾಣಿ ಅಂಗಡಿಯವನು ಅಣ್ಣ, ಕರೆಂಟ್ ಬಿಲ್ ಕೊಡಲು ಬಂದವನೂ ಅಣ್ಣ. ನಮ್ಮ ನಾಟಕದ ತಾಲೀಮಿನಲ್ಲಿದ್ದ ಒಂಬತ್ತು ಹುಡುಗರಲ್ಲಿ ಎಂಟು ಜನ ಸುಚಿತ್ರಾಗೆ ಅಣ್ಣಂದಿರಾಗಿದ್ದರು. ತಬಲಾ ಬಾರಿಸುವ ಮಕ್ತುಮಸಾಬನೂ ‘ಮಕ್ತುಮಣ್ಣಾ’ ಆಗಿದ್ದ. ನನಗೆ ಮಾತ್ರ ‘ನೀವು’. ‘ನೀವು ಸ್ವಲ್ಪ ಸರೀರಿ.’ ‘ನೀವು ಇನ್ನೊಮ್ಮೆ ಹೇಳ್ರಿ.’ ಹೆಸರೂ ಇಲ್ಲ, ಸಂಬಂಧವೂ ಇಲ್ಲ, ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ ಹೇಳಿದ ಹಾಗೆ.

ಸುದೀಪನಿಗಾದರೆ? ‘ಸುದೀಪಣ್ಣಾ, ನೀರು ಕುಡೀರಿ.’ ‘ಸುದೀಪಣ್ಣಾ, ಗಾಬರಿ ಆಗಬ್ಯಾಡ್ರಿ.’ ಒಂದು ಸಂಜೆ ಕುಳಿತು ಎಣಿಸಿದೆ. ಹದಿನಾಲ್ಕು ಸಲ. ಹಾಗೆ ಎಣಿಸುತ್ತ ಕುಳಿತವನ ಬುದ್ಧಿಗೆ ಈಗ ನನಗೇ ನಗು ಬರುತ್ತದೆ. ಆಗ ನಗು ಬರಲಿಲ್ಲ, ಹೊಟ್ಟೆ ಉರಿಯಿತು.

ಅದು ಎರಡು ಸಾವಿರದ ಐದನೇ ಇಸವಿಯ ಚಳಿಗಾಲ. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ. ಅದರ ಹಿಂದಿನ ಗೋದಾಮಿನಲ್ಲಿ ಗೋವಿನಜೋಳದ ಚೀಲಗಳನ್ನು ಗೋಡೆಗೆ ಸರಿಸಿ ನಾವು ಅಂಗಡಿಕಾರರ ಮಕ್ಕಳು ತಾಲೀಮು ಶುರು ಮಾಡಿದ್ದೆವು. ಜನವರಿಯಲ್ಲಿ ಹಾವೇರಿಯಲ್ಲಿ ನಾಟಕ ಸ್ಪರ್ಧೆ ಇತ್ತು. ಕಲಿಸಲು ಬ್ಯಾಡಗಿಯಿಂದ ಹಾಲೇಶಪ್ಪ ಮಾಸ್ತರು ಬರುತ್ತಿದ್ದರು. ನಾಟಕ ಅವರೇ ಬರೆದದ್ದು. ಎರಡೂ ಕಣ್ಣಿಗೆ ಪೊರೆ ಬಂದು ಓದಲು ಆಗುತ್ತಿರಲಿಲ್ಲ. ಅದಕ್ಕೇ ಅವರ ಕೈ ಹಿಡಿದುಕೊಂಡು ಮಗಳು ಸುಚಿತ್ರಾ ಬರುತ್ತಿದ್ದಳು.

ಅವಳು ಬ್ಯಾಡಗಿಯ ಒಂದು ಸಣ್ಣ ಶಾಲೆಯಲ್ಲಿ ಟೀಚರು. ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಬರುತ್ತಿದ್ದಳು. ಬೆರಳಿಗೆ ಚಾಕ್‌ಪೀಸಿನ ಪುಡಿ, ಜಡೆಯ ಬುಡದಲ್ಲಿ ಸಿಕ್ಕಿಸಿದ ಪೆನ್ಸಿಲ್. ಬಂದ ಮೊದಲ ದಿನ ಚೀಲದ ಮೇಲೆ ಕೂರಲು ಹೋದವಳಿಗೆ ನಾನು ಕುರ್ಚಿ ತಂದುಕೊಟ್ಟೆ. ಅವಳು ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕುರ್ಚಿಯನ್ನು ನೋಡಿದಳು.

“ಇದರದು ಒಂದು ಕಾಲು ಸಣ್ಣದೈತಲ್ರಿ?”

“ಅಲುಗಾಡದ ಕುಂತ್ರ ಏನೂ ಆಗಂಗಿಲ್ರಿ.”

“ಅಲುಗಾಡದ ಕುಂದ್ರಾಕ ನಾ ಏನು ಗೊಂಬಿ ಏನ್ರಿ?” ಎಂದಳು. ಆದರೂ ಅದರಲ್ಲೇ ಕುಳಿತಳು. ಎರಡು ತಿಂಗಳು ಅದೇ ಕುರ್ಚಿಯಲ್ಲೇ ಕುಳಿತಳು. ನಾನು ಬೇರೆ ಕುರ್ಚಿ ತಂದಿಟ್ಟರೂ ಅದರ ಮೇಲೆ ತನ್ನ ಚೀಲವನ್ನು ಇಡುತ್ತಿದ್ದಳು.

ನಮ್ಮ ಕಡೆಯ ನಾಟಕಗಳಲ್ಲಿ ಒಂದು ಪದ್ಧತಿ ಇದೆ. ಇಡೀ ನಾಟಕವನ್ನು ಯಾರ ಕೈಗೂ ಕೊಡುವುದಿಲ್ಲ. ಅದು ಮಾಸ್ತರ ಹತ್ತಿರ ಮಾತ್ರ. ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್ಕು, ಅದರಲ್ಲಿ ಅವರವರ ಮಾತುಗಳಷ್ಟೇ. ಅದಕ್ಕೆ ಪಾಠ ಎನ್ನುತ್ತಾರೆ. ಎದುರಿನವನ ಮಾತಿನಲ್ಲಿ ಕೊನೆಯ ಎರಡು ಪದ ಮಾತ್ರ ಬರೆದಿರುತ್ತದೆ, ನಾವು ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯಲು. ಅವನು ಅದಕ್ಕೂ ಮೊದಲು ಏನು ಹೇಳಿದ, ಯಾಕೆ ಹೇಳಿದ ಎಂಬುದು ನಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಆ ಎಲ್ಲ ಪಾಠಗಳನ್ನು ಸುಚಿತ್ರಾ ತನ್ನ ದುಂಡು ಅಕ್ಷರದಲ್ಲಿ ನಕಲು ಮಾಡಿ ತಂದಿದ್ದಳು. ತಾಲೀಮಿನಲ್ಲಿ ಹಿಂದಿನಿಂದ ಮಾತು ಎತ್ತಿಕೊಡುವವಳೂ ಅವಳೇ.

ನಾಟಕ ಇಬ್ಬರು ಅಣ್ಣತಮ್ಮಂದಿರದು. ತಮ್ಮನ ಹೊಲದಲ್ಲಿ ಬಾವಿಗೆ ನೀರು ಬೀಳುತ್ತದೆ, ತಮ್ಮನಿಗೆ ಒಳ್ಳೆಯ ಹೆಂಡತಿ ಸಿಗುತ್ತಾಳೆ, ಊರೆಲ್ಲ ತಮ್ಮನನ್ನೇ ಹೊಗಳುತ್ತದೆ. ಅಣ್ಣ ಒಳಗೊಳಗೇ ಬೇಯುತ್ತಾನೆ. ಕೊನೆಗೆ ಯಾರಿಗೂ ಕಾಣದಂತೆ ತಮ್ಮನ ಕಾಲುವೆಯನ್ನು ಒಡೆಯುತ್ತಾನೆ. ತಮ್ಮನ ಪಾತ್ರ ಸುದೀಪನಿಗೆ, ಅಣ್ಣನ ಪಾತ್ರ ನನಗೆ.

ಸುದೀಪ ಬಟ್ಟೆ ಅಂಗಡಿಯವರ ಮಗ, ಒಂದನೇ ಇಯತ್ತೆಯಿಂದ ನನ್ನ ಜೊತೆ ಓದಿದವನು. ಎತ್ತರದ ಆಳು, ನಕ್ಕರೆ ಕೆನ್ನೆಯಲ್ಲಿ ಗುಳಿ. ಆದರೆ ಎರಡು ಸಾಲು ನೆನಪಿಡಲು ಬೆವರುತ್ತಿದ್ದ. “ನಿನಗ ಹೆಂಗ ಬಾಯಿಪಾಠ ಆಕ್ಕಾವಲೇ? ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತೈತಿ ನೋಡು,” ಎಂದು ಎಲ್ಲರ ಎದುರಿಗೇ ನನ್ನ ಬೆನ್ನಿಗೆ ಗುದ್ದಿ ನಗುತ್ತಿದ್ದ.

ಮಾಸ್ತರು ನನಗೆ ಹೇಳಿಕೊಟ್ಟದ್ದು ಬೇರೆ. “ಸಿಟ್ಟು ಮಾಡಿ ತೋರಸೋದು ಸಲೀಸು ತಮ್ಮಾ. ಹೊಟ್ಟಿಕಿಚ್ಚು ಕಷ್ಟ. ಪುರಾಣ ತಗೋ, ಹಳ್ಳಿ ನಾಟಕ ತಗೋ, ಇದು ಇಲ್ಲದ ಕಥಿ ಇಲ್ಲ. ಸಿಟ್ಟಿನಾವ ಎದುರಿಗೆ ನಿಂತು ಬೈತಾನ. ಹೊಟ್ಟಿಕಿಚ್ಚಿನಾವ ಮೊದಲು ಹೊಗಳ್ತಾನ. ನಕ್ಕೋತ ಹೊಗಳ್ತಾನ. ನೀ ನಗೋದು ಕಲಿ.”

ನಾನು ಕಲಿತೆ. ಕಲಿಸಿದವಳು ಅವರ ಮಗಳು.

ನಾಯಕಿಯ ಪಾತ್ರಕ್ಕೆ ಗುತ್ತಲದ ಜೈತೂನಬಿಯನ್ನು ಗೊತ್ತುಮಾಡಿದ್ದರು. ಇಪ್ಪತ್ತು ವರ್ಷ ರಂಗದ ಮೇಲೆ ದುಡಿದ ಕಲಾವಿದೆ. ಅಂಥವರು ನಾಟಕದ ಹಿಂದಿನ ದಿನವಷ್ಟೇ ಬರುವುದು ವಾಡಿಕೆ. ಅಲ್ಲಿಯವರೆಗೆ ಅವಳ ಮಾತನ್ನು ಸುಚಿತ್ರಾಳೇ ಓದಬೇಕು, ಸುದೀಪನ ಎದುರಿಗೆ ನಿಂತು.

“‘ನೀವು ಹೊಲದಿಂದ ಬರೂ ದಾರಿ ನೋಡಿ ನೋಡಿ ಹೊಸ್ತಿಲಾ ಸವದೈತಿ,’” ಎಂದು ಅವಳು ಪುಸ್ತಕ ನೋಡಿ ಓದುತ್ತಿದ್ದಳು. ಶಾಲೆಯ ಹಾಜರಿ ಕರೆದ ಹಾಗೇ ಓದುತ್ತಿದ್ದಳು, ನಿಜ ಹೇಳಬೇಕೆಂದರೆ. ಆದರೆ ನನ್ನ ಕಿವಿಗೆ ಅದು ಹಾಗೆ ಬೀಳುತ್ತಿರಲಿಲ್ಲ. ನಾನು ಚೀಲಗಳ ಸಂದಿಯಲ್ಲಿ ನಿಂತು “ಭಾಳ ಚಂದ ಮಾಡ್ದಿ ಸುದೀಪ,” ಎನ್ನುತ್ತಿದ್ದೆ. ನಕ್ಕೋತ. ಮಾಸ್ತರು ಧ್ವನಿ ಕೇಳಿಯೇ ತಲೆದೂಗಿದರು. “ಈಗ ಬಂತು ನೋಡು ಪಾತ್ರ.”

ಡಿಸೆಂಬರ್ ಕೊನೆಯ ವಾರ ಸುದೀಪ ಒಂದು ಮದುವೆಗೆಂದು ಐರಣಿಗೆ ಹೊರಟ. ತನ್ನ ಪಾಠವನ್ನು ನನ್ನ ಕೈಗೆ ಕೊಟ್ಟ. “ಇಟಗೋ ದೋಸ್ತ. ನನ್ನ ಕಡೆ ಇದ್ರ ಎಲ್ಲ್ಯರ ಕಳೀತೈತಿ.”

ಅವನು ಹೋದ ಮೇಲೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅದನ್ನು ತೆರೆದೆ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಸುಚಿತ್ರಾಳ ಅಕ್ಷರಗಳು. ‘ಇಲ್ಲಿ ನಗ್ರಿ.’ ‘ಇಲ್ಲಿ ಉಸಿರು ತಗೋರಿ.’ ‘ಎರಡು ಹೆಜ್ಜಿ ಮುಂದ.’ ‘ಅವಸರ ಬ್ಯಾಡ.’ ಪುಟ ಪುಟಕ್ಕೂ. ಕೊನೆಯ ದೃಶ್ಯದ ಉದ್ದದ ಮಾತಿನ ಪಕ್ಕ ಎರಡು ಗೆರೆ ಎಳೆದು ಬರೆದಿದ್ದಳು: ‘ಇಲ್ಲಿ ನನ್ನ ನೋಡ್ರಿ.’

ನನ್ನ ಪಾಠವನ್ನು ತಂದು ಪಕ್ಕಕ್ಕಿಟ್ಟೆ. ಅಂಚುಗಳು ಸ್ವಚ್ಛವಾಗಿದ್ದವು. ಒಂದು ಚುಕ್ಕೆಯೂ ಇರಲಿಲ್ಲ.

ಮೂರು ದಿನ ಅದನ್ನೇ ಓದಿದೆ. ಗಿರಾಕಿ ಬಂದರೆ ಮುಚ್ಚಿಡುವುದು, ಹೋದರೆ ತೆರೆಯುವುದು. ಅಪ್ಪ ಶೇಖಪ್ಪ ಎದುರಿನ ಕುರ್ಚಿಯಿಂದ ನೋಡಿ, “ಪರೀಕ್ಷಾ ಐತೇನಪಾ?” ಎಂದರು. ಸುದೀಪನ ಮಾತುಗಳೆಲ್ಲ ನನಗೆ ಬಾಯಿಗೆ ಬಂದುಬಿಟ್ಟವು. ಬೇಡವೆಂದರೂ ಬಂದವು. ಗಾಯದ ಹಕ್ಕಳೆ ಕೀಳುವವನ ಚಾಳಿ ಅದು.

ನಾಲ್ಕನೆಯ ದಿನ ಸಂಜೆ, ತಾಲೀಮು ಮುಗಿದು ಎಲ್ಲರೂ ಹೋದ ಮೇಲೆ, ಅವಳ ಕುರ್ಚಿಯ ಕೆಳಗೆ ಒಂದು ರಬ್ಬರ್ ಬಿದ್ದಿತ್ತು. ಗುಲಾಬಿ ಬಣ್ಣದ್ದು, ಹಣ್ಣಿನ ವಾಸನೆಯದು. ಯಾವನೋ ಎರಡನೇ ಇಯತ್ತೆಯ ಹುಡುಗ ಅದನ್ನು ಕಚ್ಚಿ ತಿನ್ನುತ್ತಿದ್ದನೆಂದು ಅವಳು ಕಸಿದುಕೊಂಡಿದ್ದಳಂತೆ, ಅಂದು ತಾಲೀಮಿಗೆ ಬಂದೊಡನೆ ಹೇಳಿಕೊಂಡು ನಕ್ಕಿದ್ದಳು.

ನಾನು ಏನು ಮಾಡಿದೆ ಎಂದು ಹೇಳಲು ಇಷ್ಟು ವರ್ಷವಾದರೂ ನಾಚಿಕೆ ಆಗುತ್ತದೆ. ಚೀಲದ ಮೇಲೆ ಕುಳಿತು ಸುದೀಪನ ಪಾಠದ ಅಂಚಿನ ಅಕ್ಷರಗಳನ್ನೆಲ್ಲ ಅಳಿಸಿದೆ. ಒಂದೊಂದಾಗಿ, ಕಾಗದ ಹರಿಯದಂತೆ, ಬಹಳ ಶ್ರದ್ಧೆಯಿಂದ ಅಳಿಸಿದೆ. ‘ಇಲ್ಲಿ ನನ್ನ ನೋಡ್ರಿ’ ಕೊನೆಗೆ ಅಳಿಸಿದ್ದು. ಮರುದಿನ ಊರಿಂದ ಬಂದ ಸುದೀಪ, ಪುಸ್ತಕ ಜೋಪಾನ ಮಾಡಿದ್ದಕ್ಕೆ ನನಗೆ ಐರಣಿಯ ಮದುವೆಯ ಬುಂದಿ ಲಾಡು ಕೊಟ್ಟ. ತೆರೆದು ನೋಡಲಿಲ್ಲ. ಅದರ ಮರುದಿನವೇ ನಾಟಕವಿತ್ತು.

ಹಾವೇರಿಗೆ ನಾವು ಬೆಳಗಿನ ಪ್ಯಾಸೆಂಜರ್ ರೈಲಿಗೆ ಹೊರಟೆವು. ಬ್ಯಾಡಗಿ ಸ್ಟೇಷನ್ನಿನಲ್ಲಿ ಮಾಸ್ತರು, ಸುಚಿತ್ರಾ ಹತ್ತಿದರು. ಹಿಂದಿನ ದಿನವೇ ಬಂದಿದ್ದ ಜೈತೂನಬಿ ನನ್ನ ಎದುರಿಗೆ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದಳು. ಆಚೆ ಕಿಟಕಿಯ ಹತ್ತಿರ ಸುದೀಪ ತನ್ನ ಪಾಠ ತೆರೆದವನು ಪುಟ ತಿರುವಿದ, ಮತ್ತೆ ತಿರುವಿದ. ಮೆಲ್ಲಗೆ ಸುಚಿತ್ರಾಳ ಕೈಗೆ ಕೊಟ್ಟ. ಅವಳು ಒಂದು ಪುಟವನ್ನು ಮುಖದ ಹತ್ತಿರ ಹಿಡಿದಳು. ಆಮೇಲೆ ಜಡೆಯಿಂದ ಪೆನ್ಸಿಲ್ ತೆಗೆದು ಮತ್ತೆ ಬರೆಯಲು ನೋಡಿದಳು. ರೈಲಿನ ಕುಲುಕಾಟಕ್ಕೆ ಅಕ್ಷರ ಕೂಡಲಿಲ್ಲ. ನಾನು ಹೊರಗೆ ಹತ್ತಿಯ ಹೊಲ ನೋಡುತ್ತ ಕುಳಿತೆ.

ಬಣ್ಣ ಹಚ್ಚಿಕೊಳ್ಳುವಾಗ ಜೈತೂನಬಿ ಕನ್ನಡಿಯಲ್ಲೇ ನನ್ನನ್ನು ನೋಡಿ ಮಾತು ತೆಗೆದಳು.

“ನಿನ್ನೆ ನಿನ್ನ ಪಾರ್ಟ ನೋಡಿದೆ ತಮ್ಮಾ. ಇಪ್ಪತ್ತ ವರ್ಷದಾಗ ಹೊಟ್ಟಿಕಿಚ್ಚಿನ ಪಾರ್ಟ ಮಾಡಿದವರನ್ನ ಭಾಳ ಮಂದಿನ್ನ ನೋಡೇನಿ. ಬಣ್ಣ ಹಚ್ಚದನ ಮಾಡಾವ ನೀನ ಒಬ್ಬಾಂವ.”

“ನಾ ಯಾರ ಮ್ಯಾಲೂ ಹೊಟ್ಟಿಕಿಚ್ಚು ಪಡಂಗಿಲ್ಲಬೇ.”

“ನೀ ಪಡ್ತಿ ಅಂತ ನಾ ಅಂದ್ನೇನು?” ಎಂದು ಅವಳು ನಕ್ಕಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಅವಳು ಹುಬ್ಬು ತೀಡುತ್ತ ಮುಂದುವರಿಸಿದಳು. “ಒಂದು ಮಾತು ಕೇಳು. ಮಾಸ್ತರ ಮಗಳು ಎಲ್ಲಾರಿಗೂ ಅಣ್ಣ ಅಂತಾಳ. ಆ ಚೆಲುವ ಸುದೀಪಗೂ ಅಣ್ಣ ಅಂತಾಳ. ನಿನಗ?”

“ಏನೂ ಅನ್ನಂಗಿಲ್ಲ.”

“ಯಾಕ ಅನ್ನಂಗಿಲ್ಲ?”

ನನ್ನ ಕೈಯಲ್ಲಿದ್ದ ಮೀಸೆ ಕೈಯಲ್ಲೇ ಉಳಿಯಿತು.

“ಹುಚ್ಚ ಖೋಡಿ,” ಎಂದಳು ಜೈತೂನಬಿ, ತೀರಾ ಅಕ್ಕರೆಯಿಂದ. ನನಗೆ ಕುಣಿಯಬೇಕೆನಿಸಿತು. ಅದರ ಬೆನ್ನಿಗೇ ಆ ಗುಲಾಬಿ ರಬ್ಬರ್ ನೆನಪಾಯಿತು. ಅದು ನನ್ನ ಜೇಬಿನಲ್ಲೇ ಇತ್ತು.

ಮಧ್ಯಾಹ್ನ ಎರಡಕ್ಕೆ ಪರದೆ ಎದ್ದಿತು. ಕೊನೆಯ ದೃಶ್ಯದವರೆಗೆ ಎಲ್ಲ ಸರಿಯಾಗಿ ನಡೆಯಿತು. ನಾನು ಹೊಗಳಿದೆ, ನಕ್ಕೆ, ಕಾಲುವೆ ಒಡೆದೆ. ಜನ ನನ್ನನ್ನು ಶಪಿಸಿದರು. ಒಬ್ಬ ಅಜ್ಜಿ ಮುಂದಿನ ಸಾಲಿನಿಂದ “ಹಾಳಾಗಿ ಹೋಗು,” ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಕೊನೆಯಲ್ಲಿ ತಮ್ಮನು ಅಣ್ಣನ ಅಂಗಳಕ್ಕೆ ಬಂದು ನಿಲ್ಲುತ್ತಾನೆ. ಸುದೀಪ ಬಂದ. ಆದರೆ ನಿಲ್ಲಬೇಕಾದ ಕಡೆಯ ಬದಲು ರಂಗದ ಇನ್ನೊಂದು ತುದಿಯಲ್ಲಿ ನಿಂತ, ಸುಚಿತ್ರಾ ಇದ್ದ ಕಡೆಗೆ ಬೆನ್ನು ಮಾಡಿ. ಮೊದಲ ಮೂರು ಸಾಲು ಹೇಳಿದ. ಆಮೇಲೆ ನಿಂತುಬಿಟ್ಟ.

ಪಕ್ಕದ ಪರದೆಯ ಮರೆಯಿಂದ ಅವಳು ಮಾತು ಎತ್ತಿಕೊಟ್ಟಳು. ಅವನಿಗೆ ಕೇಳಿಸಲಿಲ್ಲ. ಮತ್ತೆ ಎತ್ತಿಕೊಟ್ಟಳು. ಮಕ್ತುಮಸಾಬ ತಬಲಾದ ಮೇಲೆ ಬೆರಳಾಡಿಸಿ ಹೊತ್ತು ಕಳೆಯಲು ನೋಡಿದ. ಸುದೀಪನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಸಭೆಯಲ್ಲಿ ಯಾರೋ ಸೀಟಿ ಹೊಡೆದರು. ಅವನು ನನ್ನನ್ನು ನೋಡಿದ. ಒಂದನೇ ಇಯತ್ತೆಯಲ್ಲಿ ಮಗ್ಗಿ ಮರೆತು ನಿಂತಾಗಲೂ ಅವನು ಹಾಗೇ ನೋಡಿದ್ದ.

ಅವನು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಒಂದಕ್ಷರ ಬಿಡದೆ ಗೊತ್ತಿತ್ತು. ನಾಟಕದ ಅಣ್ಣನಂತೆ ಎರಡು ಹೆಜ್ಜೆ ತೂರಾಡುತ್ತ ಹೋಗಿ ಅವನ ಭುಜ ಹಿಡಿದೆ. ಅವನನ್ನು ಮೆಲ್ಲಗೆ ಸುಚಿತ್ರಾಳ ಕಡೆಗೆ ತಿರುಗಿಸಿ, ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದೆ: “ನೀರು ತಿರುವಿದಾಂವ ನೀನ ಅಂತ ನನಗ ಅವತ್ತ ಗೊತ್ತಿತ್ತಣ್ಣಾ.”

ಸುದೀಪನ ಧ್ವನಿ ಎದ್ದಿತು. “ನೀರು ತಿರುವಿದಾಂವ ನೀನ ಅಂತ ನನಗ ಅವತ್ತ ಗೊತ್ತಿತ್ತಣ್ಣಾ. ಗೊತ್ತಿದ್ದೂ ಸುಮ್ಮನಿದ್ದೆ. ನೀನ ಬಂದು ಹೇಳ್ತಿ ಅಂತ ಕಾಯ್ದೆ.”

ಅವನ ಭುಜದ ಮೇಲಿಂದ ಪರದೆಯ ಸಂದಿ ಕಂಡಿತು. ಸುಚಿತ್ರಾ ಪುಸ್ತಕ ಮಡಿಲಲ್ಲಿ ಮುಚ್ಚಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅಲ್ಲಿ ನಾನು ಅಳಬೇಕೆಂದು ನಾಟಕದಲ್ಲಿತ್ತು. ಅಳಲು ಏನೂ ಕಷ್ಟವಾಗಲಿಲ್ಲ.

ನಾಟಕ ಮುಗಿದೊಡನೆ ಎಲ್ಲರ ಪಾಠಗಳೂ ಮಾಸ್ತರಿಗೆ ವಾಪಸ್ ಹೋಗಬೇಕು. ಸುಚಿತ್ರಾ ಬಟ್ಟೆಯ ಚೀಲ ಹಿಡಿದು ಒಬ್ಬೊಬ್ಬರಿಂದ ವಸೂಲಿ ಮಾಡುತ್ತ, ಸಭಾಭವನದ ಹಿಂದೆ ಮಂಡಕ್ಕಿ ಮಿರ್ಚಿಯ ಗಾಡಿಯ ಹತ್ತಿರ ನಿಂತಿದ್ದ ನನ್ನ ಬಳಿ ಬಂದಳು.

“ಸುದೀಪಣ್ಣಾರ ಮಾತು ನಿಮಗ ಹೆಂಗ ಬಂತ್ರಿ?”

ನಾನು ಜೇಬಿನಿಂದ ರಬ್ಬರ್ ತೆಗೆದು ಅವಳ ಅಂಗೈ ಮೇಲಿಟ್ಟೆ. “ನಾನ ಅಳಿಸಿದ್ದು. ಹೊಟ್ಟಿಕಿಚ್ಚಿಗೆ. ನಿಮ್ಮ ಅಕ್ಷರ ಅವನ ಪುಸ್ತಕದಾಗ ಇದ್ವು, ನನ್ನದ್ರಾಗ ಇರಲಿಲ್ಲ.”

“ಗೊತ್ತೈತಿ.”

“ಯಾವಾಗಿಂದ?”

“ಮುಂಜಾನೆಯಿಂದ. ಪುಸ್ತಕ ತಗದ್ರ ಹಣ್ಣಿನ ವಾಸನಿ ಬಂತು. ರೈಲಿನ್ಯಾಗ ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು, ನೀವೊಬ್ಬರ ಹತ್ತಿ ಹೊಲ ನೋಡಾಕತ್ತಿದ್ರಿ.” ಅವಳು ರಬ್ಬರನ್ನು ಮುಷ್ಟಿಯಲ್ಲಿ ಹಿಡಿದಳು. “ಅವರಿಗೆ ನೆನಪ ಇರಂಗಿಲ್ಲಂತ ಬರದಿದ್ದೆ. ತಿಳೀದ ಹುಡುಗರ ಪಾಟಿ ಮ್ಯಾಲೂ ನಾ ಹಂಗ ಬರೀತೇನಿ. ನಿಮಗ ಬರಿಯೂದು ಏನಿತ್ರಿ? ನೀವು ಮಾತಾಡಾಕತ್ರ ನನಗ ಪುಸ್ತಕ ನೋಡೂದ ಮರೀತಿತ್ತು.”

ಆ ಮಾತು ಕೇಳಿ ನಾನು ಸುಖಪಡಬೇಕಿತ್ತು. ಅವಳ ಕಣ್ಣಲ್ಲಿ ನೀರಿದ್ದುದರಿಂದ ಆಗಲಿಲ್ಲ.

“ನನಗ ಹೇಳೂದಲ್ಲ. ಮೊದಲ ಅವರಿಗೆ ಹೇಳ್ರಿ,” ಎಂದಳು. “ನಿಮ್ಮ ಪಾಠ ಕೊಡ್ರಿ.”

ಕೊಟ್ಟೆ. ಚೀಲಕ್ಕೆ ಹಾಕಿಕೊಂಡು ಹೋದಳು. ಸಂಜೆಯ ರೈಲಿನಲ್ಲಿ ಬ್ಯಾಡಗಿ ಬಂದಾಗ ಅಪ್ಪನ ಕೈ ಹಿಡಿದು ಇಳಿದಳು, ತಿರುಗಿ ನೋಡಲಿಲ್ಲ. ರೈಲು ಹೊರಟ ಮೇಲೆ ಸುದೀಪನಿಗೆ ಎಲ್ಲ ಹೇಳಿದೆ. ಅವನು ಕಿಟಕಿಯ ಸರಳು ಹಿಡಿದುಕೊಂಡ.

“ನನಗ ನಿನ್ನ ಮ್ಯಾಲೆ ಹೊಟ್ಟಿ ಉರೀತೈತಿ ಅಂತ ನಾ ದಿನಾ ಹೇಳ್ತಿದ್ನಲ್ಲೋ,” ಎಂದ. “ನೀನೂ ಒಂದ ಸಲ ಹೇಳಬಾರದಾಗಿತ್ತಾ?”

ರಾಣೆಬೆನ್ನೂರಿನಲ್ಲಿ ಇಳಿದಾಗ ಅವನು ನನ್ನ ಬೆನ್ನಿಗೆ ಗುದ್ದಿದ. ಎಂದಿಗಿಂತ ಜೋರಾಗಿಯೇ ಗುದ್ದಿದ. ಅದಕ್ಕೆ ನಾನು ಅರ್ಹನಿದ್ದೆ.

ಆಮೇಲೆ ಹನ್ನೊಂದು ದಿನ. ಗೋದಾಮಿಗೆ ಮತ್ತೆ ಚೀಲಗಳು ತುಂಬಿದವು. ಒಂದು ಕಾಲು ಸಣ್ಣಗಿದ್ದ ಕುರ್ಚಿಯನ್ನು ಅಪ್ಪ ಬಡಿಗನಿಗೆ ಕೊಡಲು ಹೋದರು, ನಾನು ಬಿಡಲಿಲ್ಲ. ಬ್ಯಾಡಗಿಯ ಬಸ್ಸು ಬರುವ ಹೊತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ಬಂದು ನಿಲ್ಲುವುದು, ಏನೂ ಇಲ್ಲವೆಂಬಂತೆ ಒಳಗೆ ಹೋಗುವುದು. ಅವಳಿಲ್ಲದೆ ಸಂಜೆಗಳು ಸಾಗುತ್ತಲೇ ಇರಲಿಲ್ಲ.

ಹನ್ನೆರಡನೆಯ ದಿನ ಅವಳು ಬಂದಳು. ಅಪ್ಪ ಗಲ್ಲೆಯಲ್ಲಿದ್ದರು.

“ಹೀರೀಕಾಯಿ ಬೀಜ ಬೇಕಾಗಿತ್ರಿ ಕಾಕಾ.”

“ಇದು ಹೀರೀಕಾಯಿ ಹಚ್ಚೂ ಕಾಲ ಅಲ್ಲವಾ,” ಎಂದರು ಅಪ್ಪ.

“ಇರ್ಲಿ ಕೊಡ್ರಿ. ಕಾಲ ಬಂದಾಗ ಹಚ್ತೇನಿ.” ಪೊಟ್ಟಣ ಕಟ್ಟಿಸಿಕೊಂಡು, ಹೋಗುವಾಗ ಒಂದು ನೋಟ್‌ಬುಕ್ಕನ್ನು ಗಲ್ಲೆಯ ಮೇಲಿಟ್ಟಳು. “ಇದು ಇವರದು. ನಮ್ಮ ಕಡೆ ಉಳದಿತ್ತು.”

ಅಪ್ಪ ನೋಟ್‌ಬುಕ್ಕನ್ನೂ ನನ್ನ ಮುಖವನ್ನೂ ನೋಡಿ, ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದರು.

ನನ್ನ ಪಾಠ ಅದು. ಸ್ವಚ್ಛವಾಗಿದ್ದ ಅಂಚುಗಳಲ್ಲೆಲ್ಲ ಈಗ ಪೆನ್ಸಿಲ್ಲಿನ ಅಕ್ಷರಗಳಿದ್ದವು. ‘ಈ ಮಾತು ಹೇಳುವಾಗ ನೀವು ಬೆನ್ನ ಹಿಂದ ಕೈ ಕಟ್ಟತೀರಿ.’ ‘ಇಲ್ಲಿ ಒಮ್ಮೆ ನೀವು ಕೆಮ್ಮಿದ್ರಿ, ನಾನೂ ಕೆಮ್ಮಿದೆ.’ ‘ಇಲ್ಲಿ ಸುದೀಪಣ್ಣಾರನ್ನ ಹೊಗಳಿದ್ರಿ. ಸುಳ್ಳು ಅಂತ ಗೊತ್ತಾತು, ಯಾಕಂತ ಗೊತ್ತಾಗಲಿಲ್ಲ.’ ‘ಇವತ್ತ ಬ್ಯಾರೆ ಕುರ್ಚಿ ತಂದಿದ್ರಿ. ನನಗ ಹಳೇದ ಬೇಕು.’ ಕೊನೆಯ ದೃಶ್ಯದ ಪಕ್ಕ ಎರಡು ಗೆರೆ ಎಳೆದು, ‘ಇಲ್ಲಿ ನಿಮಗ ಅವರ ಮಾತೂ ಬಂತು. ಅದಕ್ಕ ಸಿಟ್ಟು ಪೂರ್ತಿ ಉಳೀಲಿಲ್ಲ.’

ಹಿಂದಿನ ರಟ್ಟಿಗೆ ಆ ಗುಲಾಬಿ ರಬ್ಬರನ್ನು ದಾರದಿಂದ ಕಟ್ಟಿದ್ದಳು. ಕೆಳಗೆ ಬರೆದಿತ್ತು: ‘ಬ್ಯಾಡಾದ್ರ ಅಳಸ್ರಿ. ನಿಮಗ ಚಲೋ ಬರತೈತಿ.’

ಮರುದಿನ ನಾಲ್ಕಕ್ಕೆ ಬ್ಯಾಡಗಿಯ ಆ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆ. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು, ನಾಲ್ಕು ಸಲ ಸೀನಿದ್ದೆ. ಮಕ್ಕಳು ಹೊರಬಿದ್ದ ಮೇಲೆ ಅವಳು ಬಂದಳು. ಒಂದು ಕ್ಷಣ ನಿಂತು, ಸೆರಗಿನಿಂದ ಕೈಯ ಚಾಕ್‌ಪೀಸ್ ಪುಡಿ ಒರೆಸಿಕೊಂಡಳು. ನಾನು ನೋಟ್‌ಬುಕ್ ಕೊಟ್ಟೆ.

ಅವಳು ತೆರೆದಳು. ರಾತ್ರಿಯೆಲ್ಲ ಕುಳಿತು ಅವಳ ಒಂದೊಂದು ಅಕ್ಷರದ ಮೇಲೂ ನಾನು ಪೆನ್ನಿನಿಂದ ತಿದ್ದಿದ್ದೆ. ಅವಳ ದುಂಡು ಅಕ್ಷರದ ಸೊಟ್ಟ ಕೂಡ ಬಿಡದಂತೆ, ನೀಲಿ ಶಾಯಿಯಲ್ಲಿ.

ಅವಳು ದಾರ ಬಿಚ್ಚಿ ರಬ್ಬರ್ ತೆಗೆದಳು. ಒಂದು ಸಾಲಿನ ಮೇಲೆ ಗಟ್ಟಿಯಾಗಿ ತಿಕ್ಕಿದಳು. ಊದಿ ನೋಡಿದಳು. ಇನ್ನೊಂದು ಸಲ ತಿಕ್ಕಿದಳು. ಅಕ್ಷರ ಹೋಗಲಿಲ್ಲ. ತಲೆ ಬಗ್ಗಿಸಿಕೊಂಡೇ ಅವಳ ಕೆನ್ನೆ ನಕ್ಕದ್ದು ನನಗೆ ಕಂಡಿತು.

“ನಾಟಕದಾಗ ಅಣ್ಣ ಆಗಿದ್ದು ಸಾಕಾತಿಲ್ಲೋ?” ಎಂದಳು.

“ಸಾಕಾತ್ರಿ. ಈಗರ ಏನಂತ ಕರೀತೀರಿ?”

ಅವಳು ಗೇಟಿನ ಆಚೀಚೆ ನೋಡಿದಳು. ಮಕ್ಕಳೆಲ್ಲ ದೂರ ಹೋಗಿದ್ದರು. ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು, ಮೊದಲ ಸಲ ಮಾತು ಕಲಿಯುವ ಮಗುವಿನ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

“ಸಿದ್ದ… ಲಿಂಗೇಶ.”

ಮದುವೆಯಾದ ಮೇಲೆ ಇಷ್ಟು ವರ್ಷಗಳಲ್ಲಿ ಮತ್ತೆಂದೂ ಅವಳು ನನ್ನ ಹೆಸರು ಕರೆದಿಲ್ಲ. ‘ರೀ’ ಎಂದರೆ ಸಾಕು, ನಾನು ಎದ್ದು ಹೋಗುತ್ತೇನೆ. ಈಗ ಆ ಬಗ್ಗೆ ನನ್ನದೇನೂ ತಕರಾರಿಲ್ಲ.